ಅವ್ವನ ಹೆಸರು ಹಾಕಿಸಿದ ತಾಟು

ಕೌಜಲಗಿಯ ತವರಿನವರು ಹೆಸರು ಹಾಕಿಸಿ ಕೊಟ್ಟಿದ್ದ ಸ್ಟೀಲಿನ ತಾಟುಗಳನ್ನು ಅವ್ವ ಅಟ್ಟದಿಂದ ಇಳಿಸಿದವಳೇ ಅಲ್ಲ. ನಾವು ನೆಗ್ಗಿದ ತಾಟಿನಲ್ಲೇ ಉಂಡು ಬೆಳೆದೆವು. ಕೇಳಿದರೆ, “ಬೀಗರು ಬಂದಾಗ ಬೇಕಾಗ್ತಾವ, ಇರ್ಲಿ” ಎನ್ನುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೀಗರೆಲ್ಲ ಒಟ್ಟಿಗೆ ಬಂದದ್ದು ಅವಳು ತೀರಿಕೊಂಡ ಮೇಲೆ, ದಿನಕರ್ಮಕ್ಕೆ.

ಅವರು ಉಂಡೆದ್ದ ತಾಟುಗಳನ್ನು ತೊಳೆದು ಅಡುಗೆಮನೆಯಲ್ಲೇ ಇಟ್ಟುಕೊಂಡೆ.

“ದಿನಾ ತಿಕ್ಕಿದ್ರ ಅಕ್ಕನ ಹೆಸರು ಅಳಿಸಿ ಹೋಗತೈತಿ,” ಎಂದಳು ಅವ್ವನ ತಂಗಿ.

“ಹೋದ್ರ ಹೋಗ್ಲಿ ಬಿಡು, ಚಿಗವ್ವ.”

ಮರುದಿನ ಅಪ್ಪನಿಗೆ ಅದರಲ್ಲೇ ರೊಟ್ಟಿ ಹಾಕಿಕೊಟ್ಟೆ. ಬದುಕಿಡೀ ಅವ್ವನನ್ನು “ಏ, ಕೇಳ್ತೇನ?” ಎಂದಷ್ಟೇ ಕೂಗಿದ್ದ ಅಪ್ಪ, ರೊಟ್ಟಿಯನ್ನು ಬದಿಗೆ ಸರಿಸಿ, ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಮೊದಲ ಸಲ ಅವಳ ಹೆಸರು ಹಿಡಿದು ಕರೆದ.