ಅಪ್ಪನಿಗೆ ಬಡಿಸುವ ಪರೀಕ್ಷೆ

ಹನ್ನೊಂದನೇ ಕ್ಲಾಸಿನಲ್ಲಿ ನಾನು ಹೋಟೆಲ್ ಕೆಲಸ ಕಲಿಯುತ್ತೇನೆ ಎಂದಾಗ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಅರ್ಧ ಆಯುಷ್ಯ ಕಳೆದವರು ಒಂದು ವಿಷಯ ಹಿಡಿಸದಿದ್ದರೆ ಬೈಯುವುದಿಲ್ಲ, "ನೋಡೋಣ" ಎನ್ನುತ್ತಾರೆ. ಆ "ನೋಡೋಣ"ದ ಕೆಳಗೆ ಎಷ್ಟೋ ಜನರ ಬಡ್ತಿ, ವರ್ಗಾವಣೆಗಳು ಸಮಾಧಿಯಾಗಿವೆ ಎಂದು ಅಮ್ಮ ಹೇಳುತ್ತಿದ್ದಳು.

ಅದು ಎರಡು ಸಾವಿರದ ಮೊದಲ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮನೆ ದೆಹಲಿ ಪಕ್ಕದ ಇಂದಿರಾಪುರಂನಲ್ಲಿ, ಶಾಲೆ ಗ್ರೇಟರ್ ನೋಯ್ಡಾದಲ್ಲಿ. ಅಂತರರಾಷ್ಟ್ರೀಯ ಶಾಲೆಗೆ ಮಕ್ಕಳನ್ನು ಕಳಿಸುವಂಥ ಕುಳಗಳು ನಾವಲ್ಲ. ಅಮ್ಮ ಅಲ್ಲಿ ಗಣಿತದ ಟೀಚರ್ ಆಗಿದ್ದಳು, ಟೀಚರುಗಳ ಮಕ್ಕಳಿಗೆ ಫೀಸು ಹೆಸರಿಗೆ ಮಾತ್ರ. ಹಾಗಾಗಿ ಕಾರ್ಖಾನೆ ಮಾಲೀಕರ ಮಕ್ಕಳು, ಕೊರಿಯಾದಿಂದ ಬಂದ ಮ್ಯಾನೇಜರುಗಳ ಮಕ್ಕಳು ಇವರ ನಡುವೆ ನಾನೂ ಒಬ್ಬಳು ಟಿಫಿನ್ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಸಿಕೊಂಡು ಹೋಗುತ್ತಿದ್ದೆ.

ಆ ವರ್ಷ ಶಾಲೆಯವರು ಹೊಸದಾಗಿ ಕೆರಿಯರ್ ಕೋರ್ಸ್ ಶುರುಮಾಡಿದರು. ಅರ್ಧ ಹೊತ್ತು ಇಂಗ್ಲಿಷು, ಅರ್ಥಶಾಸ್ತ್ರ ಓದುವುದು, ಇನ್ನರ್ಧ ಹೊತ್ತು ಒಂದು ವೃತ್ತಿ ಕಲಿಯುವುದು. ವೃತ್ತಿ ಅಂದರೆ ನಮ್ಮಲ್ಲಿ ಇದ್ದದ್ದು ಹೋಟೆಲ್ ಒಂದೇ. ಭೌತಶಾಸ್ತ್ರ ಕಂಡರೆ ನನಗೆ ಜ್ವರ ಬರುತ್ತಿತ್ತು, ಜನ ಕಂಡರೆ ಖುಷಿ. ಸೇರಿಬಿಟ್ಟೆ.

ಅಪ್ಪನ ಸಂಕಟ ನನಗೆ ಅರ್ಥವೇ ಆಗುತ್ತಿರಲಿಲ್ಲ. ಯಾಕೆಂದರೆ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಬಡಿಸುವುದರಲ್ಲಿ ಅಪ್ಪನದು ಎತ್ತಿದ ಕೈ. ದೆಹಲಿಯ ರೋಹಿಣಿ ಬಡಾವಣೆಯ ಸಮುದಾಯ ಭವನದಲ್ಲಿ ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದು, ಸಾಲಿನ ಈ ತುದಿಯಿಂದ ಆ ತುದಿಗೆ ಅವರು ಓಡುವುದನ್ನು ನೋಡಲೆಂದೇ ಜನ ಎರಡನೇ ಪಂಕ್ತಿಗೆ ಕಾಯುತ್ತಿದ್ದರು. ಜಾಯಿಂಟ್ ಸೆಕ್ರೆಟರಿಯೇ ಎಲೆ ಮುಂದೆ ಕೂತಿದ್ದರೂ ಅಪ್ಪ ಬಿಡುತ್ತಿರಲಿಲ್ಲ, ಗದರಿಸಿ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಇಂಥವರು ಮಗಳು ಬಡಿಸುವುದನ್ನು ಕಲಿಯುತ್ತಾಳೆ ಅಂದರೆ ಮುಖ ಊದಿಸಿಕೊಂಡು ಕೂತರು.

"ಅಪ್ಪ, ನೀವೂ ಬಡಿಸ್ತೀರಲ್ಲ ಯಾರ್!" ಎಂದೆ ಒಂದು ದಿನ.

"ಅಪ್ಪನಿಗೆ ಯಾರ್ ಅಂತಾರೇನೇ? ನಾನು ಬಡಿಸೋದು ಪುಣ್ಯಕ್ಕೆ. ಸಂಬಳಕ್ಕೆ ಬಡಿಸೋದು ಬೇರೆ."

"ನೀವು ಆಫೀಸಿಗೆ ಪುಣ್ಯಕ್ಕೆ ಹೋಗ್ತೀರಾ?"

ಅಮ್ಮ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಅಪ್ಪನಿಗೂ ಕೇಳಿಸಿತು. ಅಲ್ಲಿಗೆ ಚರ್ಚೆ ಮುಗಿದು ಷರತ್ತು ಹುಟ್ಟಿತು. ಮೊದಲ ಟರ್ಮಿನ ಕೊನೆಗೆ ನಮಗೊಂದು ಪರೀಕ್ಷೆ ಇತ್ತು: ಪೋಷಕರನ್ನು ಊಟಕ್ಕೆ ಕರೆದು, ದೊಡ್ಡ ಹೋಟೆಲಿನ ಕ್ರಮದಲ್ಲಿ ಬಡಿಸಬೇಕು. ಅಪ್ಪ ಆ ಊಟಕ್ಕೆ ಬಂದು ನೋಡುವುದು. ಹಿಡಿಸಿದರೆ ಸರಿ. ಹಿಡಿಸದಿದ್ದರೆ ಜನವರಿಯಿಂದ ನಾನು ಸೈನ್ಸಿಗೆ ಬದಲಾಗಿ, ಸಂಜೆ ಕೋಚಿಂಗಿಗೆ ಹೋಗುವುದು. ಕೋಚಿಂಗಿನ ಭೌತಶಾಸ್ತ್ರದ ಮೇಷ್ಟ್ರ ಹತ್ತಿರ ಅಪ್ಪ ಆಗಲೇ ಮಾತಾಡಿಯೂ ಇಟ್ಟಿದ್ದರು.

ನಮಗೆ ಬಡಿಸುವುದನ್ನು ಕಲಿಸುತ್ತಿದ್ದವರು ದೊಡ್ಡ ಹೋಟೆಲೊಂದರಲ್ಲಿ ದುಡಿದು ನಿವೃತ್ತರಾಗಿದ್ದ, ಹಿಮಾಲಯದ ಕಡೆಯ ಗಢವಾಲಿ ಮೇಷ್ಟ್ರು. ಬೆನ್ನು ಎಷ್ಟು ನೆಟ್ಟಗೆ ಅಂದರೆ ಕೂತಾಗಲೂ ನಿಂತ ಹಾಗೇ ಕಾಣುತ್ತಿದ್ದರು. ಮೊದಲ ವಾರ ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ನಡೆಯುವುದನ್ನಷ್ಟೇ ಕಲಿಸಿದರು. ಹುಟ್ಟಿದಾಗಿನಿಂದ ತಾವಾಗಿ ಒಂದು ಲೋಟ ನೀರು ತೆಗೆದುಕೊಂಡು ಕುಡಿಯದ ಹುಡುಗರು ಆ ವಾರ ಶಾಲೆಯ ಕಾರ್ಪೆಟ್ಟನ್ನೆಲ್ಲ ತೋಯಿಸಿದರು. ಒಬ್ಬನ ಮನೆಯಲ್ಲಿ ಅವನ ಶೂ ಲೇಸು ಕಟ್ಟಲೂ ಜನವಿದ್ದರಂತೆ. ಅವನು ಹಾಸಿಗೆಯ ಮೇಲೆ ಚಾದರ ಹಾಸುವ ಪಾಠದ ದಿನ ಅದರೊಳಗೇ ಸಿಕ್ಕಿಕೊಂಡು "ಭಯ್ಯಾ, ಭಯ್ಯಾ" ಎಂದು ಕೂಗಿದ. ಅಭ್ಯಾಸಬಲ.

ಇನ್ನೊಂದು ವಿಚಿತ್ರ ಇತ್ತು. ಏನು ಮಾಡಿದರೂ ಆಮೇಲೆ ಕೂತು ಅದರ ಬಗ್ಗೆ "ರಿಫ್ಲೆಕ್ಷನ್" ಬರೆಯಬೇಕು. ನಾನು ಪ್ರಿನ್ಸಿಪಾಲರ ತೊಡೆಯ ಮೇಲೆ ಟೊಮ್ಯಾಟೊ ಸೂಪು ಚೆಲ್ಲಿದೆ. ಅದರಿಂದ ನಾನು ಒಬ್ಬ ವ್ಯಕ್ತಿಯಾಗಿ ಹೇಗೆ ಬೆಳೆದೆ ಎಂದು ಎರಡು ಪುಟ ಬರೆದೆ. ಒಳ್ಳೆಯ ಮಾರ್ಕು ಬಂತು. ಅಪ್ಪ ಅದನ್ನು ಕೇಳಿ ಕನ್ನಡಕ ತೆಗೆದಿಟ್ಟರು.

"ತಪ್ಪು ಮಾಡಿ ಅದರ ಬಗ್ಗೆ ಬರೆದ್ರೆ ಮಾರ್ಕು ಕೊಡ್ತಾರಾ? ನಮ್ಮ ಮಿನಿಸ್ಟ್ರಿಲಿ ಇದಕ್ಕೆ ಎಕ್ಸ್‌ಪ್ಲನೇಷನ್ ಅಂತಾರೆ. ಬರೆದವನಿಗೆ ಇನ್ಕ್ರಿಮೆಂಟ್ ಕಟ್ ಆಗುತ್ತೆ."

ಮೇಷ್ಟ್ರ ನಿಯಮಗಳಲ್ಲೆಲ್ಲ ಕಟ್ಟುನಿಟ್ಟಾದದ್ದು ಒಂದಿತ್ತು. ಅತಿಥಿಯನ್ನು ಒಮ್ಮೆ ಕೇಳಬೇಕು. ಬೇಡ ಅಂದರೆ ತಲೆಬಾಗಿ ಮುಂದೆ ಹೋಗಬೇಕು. "ಮೆಹಮಾನ್ ನೇ ಮನಾ ಕಿಯಾ, ಬಾತ್ ಖತಮ್," ಎನ್ನುತ್ತಿದ್ದರು. ಒತ್ತಾಯ ಮಾಡುವುದು ಹೋಟೆಲಿನಲ್ಲಿ ಅಪರಾಧ, ಅತಿಥಿಯ ಮಾತಿಗೆ ಬೆಲೆ ಕೊಡದ ಹಾಗೆ. ನಾನು ಅದನ್ನು ಚೆನ್ನಾಗಿ ಕಲಿತೆ. ಎಷ್ಟು ಚೆನ್ನಾಗಿ ಅಂದರೆ, ಮನೆಗೆ ಬಂದ ಸೋದರತ್ತೆ ಒಂದು ಸಲ ಕಾಫಿ ಬೇಡ ಅಂದಳೆಂದು ಲೋಟ ವಾಪಸು ಒಯ್ದುಬಿಟ್ಟೆ. ಅತ್ತೆ ಊರಿಗೆ ಹೋಗಿ, ದೆಹಲಿ ಹುಡುಗಿಗೆ ನೀತಿ ನಡತೆ ಇಲ್ಲ ಎಂದು ಫೋನು ಮಾಡಿದಳು.

ಪರೀಕ್ಷೆಯ ದಿನ ಡಿಸೆಂಬರಿನ ಮಂಜು ಹನ್ನೊಂದು ಗಂಟೆಯಾದರೂ ಕರಗಿರಲಿಲ್ಲ. ನಾಲ್ಕನೇ ಟೇಬಲ್ಲು ನನ್ನದು. ಯಾರಿಗೆ ಯಾರು ಬಡಿಸಬೇಕೆಂದು ಮೇಷ್ಟ್ರೇ ಗೊತ್ತುಮಾಡಿದ್ದರು. ಮನೆಯವರಿಗೆ ಬಡಿಸುವುದೇ ಎಲ್ಲಕ್ಕಿಂತ ಕಷ್ಟ ಎಂಬುದು ಅವರ ಸಿದ್ಧಾಂತ, ಅದಕ್ಕೇ ಬಡಿಸುವವರಿಗೆಲ್ಲ ಅವರವರ ಮನೆಯವರನ್ನೇ ಕೊಟ್ಟಿದ್ದರು. ನನ್ನ ಟೇಬಲ್ಲಿನಲ್ಲಿ ಅಪ್ಪ, ಅವರ ಎಡಕ್ಕೆ ನನ್ನ ಕೊರಿಯನ್ ಸಹಪಾಠಿಯ ತಂದೆ, ಬಲಕ್ಕೆ ಇನ್ನೊಬ್ಬ ಹುಡುಗನ ತಂದೆಯಾದ ಪಂಜಾಬಿ ವ್ಯಾಪಾರಿ. ಆ ಹುಡುಗರಿಬ್ಬರೂ ಆ ದಿನ ಅಡುಗೆಯ ಕಡೆಗಿದ್ದರು. ಅಮ್ಮ ಶಾಲೆಯವಳೇ ಆದ್ದರಿಂದ ಅತಿಥಿಗಳನ್ನು ಕೂರಿಸುವ ಕೆಲಸದಲ್ಲಿದ್ದಳು. ಗೋಡೆಯ ಪಕ್ಕ ಮೇಷ್ಟ್ರು, ಅವರ ಜೊತೆ ಹೊರಗಿನಿಂದ ಬಂದ ಪರೀಕ್ಷಕಿ.

ಅಪ್ಪ ಮದುವೆ ಸೂಟಿನಲ್ಲಿ ಬಂದಿದ್ದರು. ಅವರದೇ ಮದುವೆಯ ಸೂಟು.

ಸೂಪು ತಂದೆ. ಎಡಗಡೆಯಿಂದ ಬಾಗಿ, ಕಲಿಸಿದ ಹಾಗೆ ಮೆಲ್ಲಗೆ, "ಸೂಪ್, ಸರ್?" ಎಂದೆ. ಅಪ್ಪ ಕೈ ಅಡ್ಡ ಹಿಡಿದು "ಬೇಡ ಬೇಡ" ಎಂದರು. ನಾನು ತಲೆಬಾಗಿ ಮುಂದೆ ಹೋದೆ. ಪನೀರ್ ಟಿಕ್ಕಾ ತಂದೆ. "ಬೇಡಮ್ಮ." ಮುಂದೆ ಹೋದೆ. ಪರೀಕ್ಷಕಿ ಮೆಚ್ಚಿ ತಲೆಯಾಡಿಸಿದ್ದು ಓರೆಗಣ್ಣಿಗೆ ಕಂಡು ಎದೆ ಉಬ್ಬಿತು. ದಾಲ್ ಮಖನಿ ತಂದಾಗಲೂ ಅಷ್ಟೇ, ತರಕಾರಿ ತಂದಾಗಲೂ ಅಷ್ಟೇ. ಇಷ್ಟವಾಗಿಲ್ಲ, ಸಿಟ್ಟಿನಿಂದ ಮುಟ್ಟುತ್ತಿಲ್ಲ, ಜನವರಿಗೆ ಭೌತಶಾಸ್ತ್ರ ಗ್ಯಾರಂಟಿ ಎಂದುಕೊಂಡೆ. ನನಗೂ ಸಿಟ್ಟು ಬಂತು. ತಿನ್ನದಿದ್ದರೆ ಬಿಡಲಿ, ಮಾರ್ಕಾದರೂ ಬರುತ್ತೆ.

ಅಪ್ಪನ ಮುಂದೆ ಖಾಲಿ ತಟ್ಟೆ. ಅದರ ಪಕ್ಕ ನಾನೇ ಬೀಸಣಿಗೆ ಆಕಾರಕ್ಕೆ ಮಡಿಸಿದ ನ್ಯಾಪ್ಕಿನ್ನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವುದು ಇದಕ್ಕೇ. ಎಡಗಡೆಯ ಸಣ್ಣ ತಟ್ಟೆಯಲ್ಲಿ ಮೊದಲೇ ಇಟ್ಟಿದ್ದ ಬನ್ನನ್ನು ಮಾತ್ರ ಅವರು ತುಣುಕು ತುಣುಕಾಗಿ ಮುರಿದು, ಬಹಳ ಗಂಭೀರವಾಗಿ ತಿಂದರು. ಅದನ್ನು ಯಾರೂ ಕೇಳಿ ಬಡಿಸಿರಲಿಲ್ಲವಲ್ಲ. ಅದು ಮುಗಿದ ಮೇಲೆ ಬಲಗಡೆ ಇದ್ದ ಬನ್ನನ್ನೂ ತಿಂದರು. ಅದು ಪಂಜಾಬಿ ವ್ಯಾಪಾರಿಯದು. ಆತ ಬೆಣ್ಣೆ ಸವರಿದ ಚಾಕು ಹಿಡಿದುಕೊಂಡು ತನ್ನ ಬನ್ನು ಎಲ್ಲಿ ಹೋಯಿತೆಂದು ಟೇಬಲ್ಲಿನ ಕೆಳಗೆಲ್ಲ ನೋಡಿದ.

ನಾನು ಪುಲಾವಿನ ಪಾತ್ರೆ ಎತ್ತಿಕೊಳ್ಳುವಾಗ ಅಮ್ಮ ಪಕ್ಕದಲ್ಲಿ ಹಾದುಹೋಗುತ್ತಾ, ತುಟಿ ಅಲ್ಲಾಡಿಸದೆ ಕೇಳಿದಳು.

"ಅಪ್ಪನ ತಟ್ಟೆ ಯಾಕೆ ಖಾಲಿ?"

"ಬೇಡ ಅಂದ್ರು."

"ಎಷ್ಟು ಸಲ ಕೇಳ್ದೆ?"

"ಒಂದ್ಸಲ. ರೂಲ್ ಅದೇ ಹೈ ನಾ."

ಅಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಮಗಳ ಊಟ ಅಂತ ಬೆಳಿಗ್ಗೆ ತಿಂಡಿನೂ ಮುಟ್ಟಿಲ್ಲ ಕಣೇ ಅವರು! ಹೊಟ್ಟೆ ಖಾಲಿ ಇಟ್ಕೊಂಡು ಬಂದಿದಾರೆ!"

ನಾನೆಂಥ ದಡ್ಡಿ. ನಮ್ಮವರಲ್ಲಿ ಮೊದಲನೇ ಕರೆಗೇ ತಟ್ಟೆ ಒಡ್ಡುವವನು ಅನ್ನ ಕಾಣದವನು. ಮೊದಲ "ಬೇಡ" ಮರ್ಯಾದೆಗೆ, ಎರಡನೆಯದು ಬಡಿಸುವವರ ಮನಸ್ಸು ಪರೀಕ್ಷಿಸಲಿಕ್ಕೆ. ಮೂರನೆಯದನ್ನು ಹೇಳುವಾಗ ಕೈ ತಾನಾಗಿ ಪಕ್ಕಕ್ಕೆ ಸರಿದಿರುತ್ತದೆ. ಒಂದೇ ಸಲ ಕೇಳಿ ಹೋಗುವವರನ್ನು ಕಾಟಾಚಾರಕ್ಕೆ ಬಡಿಸುವವರು ಎನ್ನುತ್ತಾರೆ. ಇಡೀ ಊಟ ನಾನು ಅಪ್ಪನಿಗೆ ಕಾಟಾಚಾರಕ್ಕೆ ಬಡಿಸಿದ್ದೆ. ಅವರು ಒಂದೊಂದು ಪಾತ್ರೆಯೂ ಮುಂದೆ ಹೋಗುವುದನ್ನು ನೋಡುತ್ತಾ, ಮಗಳು ಇನ್ನೊಂದು ಸಲ ಕೇಳಿಯಾಳೆಂದು ಹಸಿದುಕೊಂಡು ಕೂತಿದ್ದರು.

ಮಾರ್ಕು ಹೋಗುವುದು ಖಂಡಿತ ಎಂದು ಗೊತ್ತಿದ್ದೇ ಹೋದೆ.

"ಪುಲಾವ್ ಹಾಕ್ಲಾ ಅಪ್ಪ?"

"ಬೇಡ ಬೇಡ."

ಗೋಡೆಯ ಪಕ್ಕ ಮೇಷ್ಟ್ರು, ನಾನು ಇನ್ನೇನು ಮುಂದೆ ಹೋಗುತ್ತೇನೆಂದು ನೋಡುತ್ತಿದ್ದರು. ನಾನು ಕದಲಲಿಲ್ಲ.

"ಸ್ವಲ್ಪ ಅಪ್ಪ."

"ಬೇಡ ಪುಟ್ಟಿ, ಆಯ್ತು." ತಟ್ಟೆಯ ಮೇಲೆ ಕೈ ಇತ್ತು. ಆದರೆ ಬೆರಳುಗಳು ಅಗಲವಾಗಿದ್ದವು.

"ಒಂದೇ ಒಂದು ಚಮಚ. ನನ್ನಾಣೆ."

"ಅಯ್ಯೋ, ಆಣೆ ಎಲ್ಲ ಯಾಕೆ," ಎಂದು ಅಪ್ಪ ಕೈ ತೆಗೆದರು. ನಾನು ಸುರಿದೆ. "ಸಾಕು ಸಾಕು ಸಾಕು" ಎನ್ನುತ್ತಲೇ ಅವರು ತಟ್ಟೆಯನ್ನು ಇಷ್ಟು ನನ್ನ ಕಡೆ ಜರುಗಿಸಿದರು. ಮೇಲೆ ದಾಲ್ ಸುರಿದೆ, ತರಕಾರಿ ಹಾಕಿದೆ, ಪನೀರೂ ಹಾಕಿದೆ. ಅಪ್ಪ ಫೋರ್ಕನ್ನು ಪಕ್ಕಕ್ಕಿಟ್ಟು, ಕೋಟಿನ ತೋಳು ಹಿಂದೆ ಸರಿಸಿ, ಕೈಯಲ್ಲೇ ಕಲಸಿ ಊಟಕ್ಕೆ ಇಳಿದರು.

ಅಲ್ಲಿಗೇ ನಿಂತಿದ್ದರೆ ಪರವಾಗಿರಲಿಲ್ಲ. ಇದೆಲ್ಲವನ್ನೂ ಗಮನವಿಟ್ಟು ನೋಡುತ್ತಿದ್ದ ಕೊರಿಯನ್ ತಂದೆ, ಇದು ಈ ದೇಶದ ಪದ್ಧತಿ ಇರಬೇಕೆಂದು, ನಾನು ಹತ್ತಿರ ಹೋದಾಗ ತಾವೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ನೋ, ನೋ" ಎಂದು ನಗುತ್ತಾ ಕಾದರು. ಪಂಜಾಬಿ ವ್ಯಾಪಾರಿಯಂತೂ, "ಬೇಟಾ, ಮುಝೇ ಭೀ ಜಬರ್ದಸ್ತಿ ಖಿಲಾವೋ!" ಎಂದು, ತನಗೂ ಬಲವಂತ ಮಾಡಿ ಬಡಿಸೆಂದು, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದ. ನಾಲ್ಕನೇ ಟೇಬಲ್ಲು ಮದುವೆ ಮನೆಯಾಯಿತು. ಪರೀಕ್ಷಕಿ ಏನೋ ಬರೆದುಕೊಂಡರು, ಆಮೇಲೆ ಇನ್ನೂ ಬರೆದುಕೊಂಡರು.

ಕೊನೆಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಪೋಷಕರ ಮುಂದೆಯೇ ಒಬ್ಬೊಬ್ಬರ ಬಗ್ಗೆ ಹೇಳಿದರು. ನನ್ನ ನಡಿಗೆ ಚೆಂದ, ನೆನಪು ಚೆಂದ. ಆದರೆ ಅತಿಥಿ ಸ್ಪಷ್ಟವಾಗಿ ನಿರಾಕರಿಸಿದ ಮೇಲೂ ಬಲವಂತವಾಗಿ ಬಡಿಸಿದ್ದು ದೊಡ್ಡ ತಪ್ಪು, ಅದಕ್ಕೆ ಮಾರ್ಕು ಕಳೆಯಲಾಗಿದೆ. ಪಾಸು, ಆದರೆ ಅಂಚಿನಲ್ಲಿ.

ಅಪ್ಪ ಎದ್ದು ನಿಂತರು. ಮೀಟಿಂಗಿನಲ್ಲಿ ಎತ್ತುವ ಹಾಗೆ ಕೈಯೆತ್ತಿದರು. ಬೆರಳಿಗೆ ಇನ್ನೂ ದಾಲ್ ಅಂಟಿತ್ತು.

"ಮೇಡಂ, ನಾನು ನಿರಾಕರಿಸಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಸರ್, ನೀವು ಪ್ರತಿ ಸಲವೂ ಬೇಡವೆಂದು ಕೈ ಅಡ್ಡ ಹಿಡಿದಿರಿ. ನಾನೇ ನೋಡಿದೆ."

"ಹೌದು. ಹಿಡಿದೆ. ಆದರೆ ಹಸಿದಿದ್ದೆ."

ಹಾಲಿನಲ್ಲಿ ಎಲ್ಲರೂ ನಕ್ಕರು, ಪರೀಕ್ಷಕಿಯೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಮಾರ್ಕು ವಾಪಸು ಬರಲಿಲ್ಲ.

ಮನೆಗೆ ಹೊರಟಾಗ ಕಾರು ಓಡಿಸುತ್ತಿದ್ದದ್ದು ಅಮ್ಮ. ಅಪ್ಪನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಬ್ರೇಕು ಒತ್ತುವುದು ಮಾತ್ರ ಬರುತ್ತಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಅಪ್ಪ ಇಲ್ಲದ ಬ್ರೇಕು ಒತ್ತುತ್ತಲೇ ಇದ್ದರು. ನನಗೆ ಅಷ್ಟು ಭಯ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಆಗಿರಲಿಲ್ಲ. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಊರು ಹತ್ತಿರ ಬಂದು ಟ್ರಾಫಿಕ್ ನಿಂತಾಗ ತಡೆಯಲಾರದೆ ಕೇಳಿದೆ.

"ಅಪ್ಪ, ಕೋಚಿಂಗ್ ಯಾವತ್ತಿಂದ?"

ಅಪ್ಪ ಮುಂದಿನ ಲಾರಿಯನ್ನೇ ನೋಡುತ್ತಾ ಬೇರೆಯದೇ ಕೇಳಿದರು.

"ಮಾರ್ಕು ಹೋಗಿದ್ದು ನನ್ನಿಂದ ತಾನೆ?"

"ಹೂಂ."

"ಮುಂದಿನ ಪರೀಕ್ಷೆ ಯಾವಾಗ?"

"ಮಾರ್ಚಲ್ಲಿ. ಅದು ರಾತ್ರಿ ಊಟ."

ಅಮ್ಮ ಗೇರ್ ಹಾಕಿದವಳು ಕಾರು ಬಿಡದೆ ಹಾಗೇ ಇದ್ದಳು. ಹಿಂದಿನವರು ಹಾರ್ನ್ ಮಾಡತೊಡಗಿದರು.

"ಅವತ್ತು ನಾನು ಮನೇಲೇ ಹೊಟ್ಟೆ ತುಂಬ ತಿಂದ್ಕೊಂಡು ಬರ್ತೀನಿ," ಎಂದರು ಅಪ್ಪ. "ನಾನು ಬೇಡ ಅಂದ್ರೆ ನನ್ನ ಮುಖ ನೋಡಬೇಡ, ಸುಮ್ನೆ ಮುಂದೆ ಹೋಗಿಬಿಡು."