ಉದ್ದ ತಾತನ ಗಿಡ್ಡ ಪ್ರಾರ್ಥನೆ

ತಾತ ಕಸುಬಿನಲ್ಲಿ ದರ್ಜಿ, ಚರ್ಚಿನಲ್ಲಿ ಸಭೆಯ ಹಿರಿಯರು. ಹೆಸರು ಮಾಡಿದ್ದು ಮಾತ್ರ ಹೊಲಿಗೆಯಿಂದಲ್ಲ, ಪ್ರಾರ್ಥನೆಯಿಂದ. ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ಆರಾಧನೆಯ ಕೊನೆಯ ಪ್ರಾರ್ಥನೆ ಅವರದೇ. ಅವರು ಆಮೆನ್ ಎನ್ನುವಷ್ಟರಲ್ಲಿ ಮಕ್ಕಳದು ಒಂದು ನಿದ್ದೆ ಮುಗಿದಿರುತ್ತಿತ್ತು. ಆಳು ಹೊಲಿಗೆ ಯಂತ್ರಕ್ಕಿಂತ ಹೆಚ್ಚೇನೂ ಎತ್ತರವಿಲ್ಲದಿದ್ದರೂ ಮಕ್ಕಳು ಅವರಿಗೆ ಉದ್ದ ತಾತ ಎಂದು ಹೆಸರಿಟ್ಟಿದ್ದು ಅದಕ್ಕೇ. ಬೇರೆಯವರು ಪ್ರಾರ್ಥಿಸುವಾಗ ತಾತ ಕಣ್ಣು ಮುಚ್ಚಿಕೊಂಡೇ ತಪ್ಪು ಹುಡುಕುತ್ತಿದ್ದರು.

ಹೀಗೆ ಮಾತೇ ಬಂಡವಾಳವಾಗಿದ್ದವರಿಗೆ ಕಳೆದ ವರ್ಷ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ನಾಲಿಗೆ ಮುಷ್ಕರ ಹೂಡಿತು. ಮನಸ್ಸಿನಲ್ಲಿ ಒಂದಿದ್ದರೆ ಬಾಯಿಗೆ ಇನ್ನೊಂದು ಬರುತ್ತಿತ್ತು. ನೀರು ಬೇಕಾದಾಗ ಅಂಗಿಯ ಗುಂಡಿ ಕೇಳುತ್ತಿದ್ದರು. ಹೆಂಡತಿ ಲೋಟ ತಂದು, "ಗುಂಡಿ ತಗೊಳ್ಳಿ, ತಣ್ಣಗಿದೆ" ಎನ್ನುತ್ತಿದ್ದರು. ಮನೆಯಲ್ಲಾದರೆ ನಡೆಯುತ್ತದೆ, ಸಭೆಯಲ್ಲಿ ನಡೆದೀತೇ? ನಗೆಪಾಟಲಾಗುವುದಕ್ಕಿಂತ ಇನ್ನು ಪ್ರಾರ್ಥನೆಯೇ ಬೇಡವೆಂದು ತಾತ ಬಾಗಿಲ ಪಕ್ಕದ ಬೆಂಚಿಗೆ ಸರಿದರು. ಪಾದ್ರಿ ಎಷ್ಟು ಕರೆದರೂ ಏಳಲಿಲ್ಲ.

"ಮಾತು ಹೋಗಿದ್ದಕ್ಕೆ ನಂಗೆ ಅಳು ಬರ್ಲಿಲ್ಲ, ಪ್ರಾರ್ಥನೇನೂ ಬಿಟ್ಟುಬಿಟ್ರಲ್ಲ" ಎಂದು ಹೆಂಡತಿ ಪಕ್ಕದ ಮನೆಯ ನರ್ಸಮ್ಮನ ಹತ್ತಿರ ಕಣ್ಣೊರೆಸಿಕೊಂಡರು.

ಮಕ್ಕಳೇ ಆರಾಧನೆ ನಡೆಸುವ ಮಕ್ಕಳ ಭಾನುವಾರದಂದು ಕೊನೆಯ ಪ್ರಾರ್ಥನೆ ಆ ನರ್ಸಮ್ಮನ ಆರು ವರ್ಷದ ಮಗಳ ಪಾಲಿಗೆ ಬಂತು. ತಿಂಗಳಿಂದ ಬಾಯಿಪಾಠ ಮಾಡಿದ್ದಳು. ಎದ್ದು ನಿಂತು "ಕರ್ತನೇ" ಎಂದಳು, ಮುಂದಿನದು ಬರಲಿಲ್ಲ. ಅಮ್ಮ ತುಟಿ ಅಲ್ಲಾಡಿಸಿ ಹೇಳಿಕೊಟ್ಟರೂ ಬರಲಿಲ್ಲ. ಹುಡುಗಿ ಅಳಲೂ ಇಲ್ಲ, ನಾಚಲೂ ಇಲ್ಲ.

"ದೇವ್ರೇ, ಮರೆತೋಯ್ತು. ನಿಂಗೆ ಗೊತ್ತಲ್ಲ, ನೀನೇ ಸೇರಿಸ್ಕೋ. ಆಮೆನ್" ಎಂದು ಕೂತುಬಿಟ್ಟಳು.

ಎಲ್ಲರೂ ನಕ್ಕರು. ತಾತ ನಗಲಿಲ್ಲ. ಇಷ್ಟು ವರ್ಷ ತಾವು ದೇವರಿಗೆ ಗೊತ್ತಿಲ್ಲದ್ದು ಏನು ಹೇಳಿದ್ದು? ಅಷ್ಟುದ್ದ ಹೇಳಿದ್ದೆಲ್ಲ ಬೆಂಚಿನಲ್ಲಿ ಕೂತವರಿಗೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಬೆನ್ನಿಗೇ, ಎಷ್ಟೋ ತಿಂಗಳ ಭಾರ ಇಳಿದಂತಾಗಿ ಆ ಮಗುವಿನ ಋಣ ಹೇಗೆ ತೀರಿಸಲಿ ಎನಿಸಿತು. ಪಾದ್ರಿ ಆಶೀರ್ವಾದಕ್ಕೆ ಕೈಯೆತ್ತುವ ಮೊದಲೇ ಬೆಂಚು ಹಿಡಿದು ಎದ್ದು ನಿಂತರು. ಹೇಳಬೇಕಾಗಿದ್ದದ್ದು ದೇವರಿಗೆ ಕೃತಜ್ಞತೆಯ ಒಂದೇ ಮಾತು, ಸ್ತೋತ್ರ.

"ದೇವರೇ" ಎಂದರು. "ಸೂಜಿ."

ತಾತನಿಗೇ ನಗು ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೊಮ್ಮೆ ಪ್ರಯತ್ನಿಸಿದರು. "ಸೂಜಿ, ದೇವರೇ. ತುಂಬಾ ಸೂಜಿ."

ಮುಂದಿನ ಸಾಲಿನಿಂದ ಹುಡುಗಿ ಆಮೆನ್ ಎಂದಳು. ಅವಳ ಹಿಂದೆ ಇಡೀ ಸಭೆ ಆಮೆನ್ ಎಂದಿತು.