ಏರಿದ ಸದ್ದು

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಹಳ್ಳಿಯ ಹಾಲಿನ ಡೇರಿಯ ಎದುರು ಬಸ್ ತಂಗುದಾಣವಿದೆ. ಅದರ ಎಡಗಂಬದಿಂದ ಎರಡು ಹೆಜ್ಜೆ ಮುಂದೆ ನಾನು ನಿಂತಿದ್ದೆ. ಹೋದ ವರ್ಷದ ಕಾರ್ತಿಕ ಮಾಸ, ಭಾನುವಾರ, ಬೆಳಗ್ಗೆ ಏಳು ಇಪ್ಪತ್ತು. ಮೇಷ್ಟ್ರು ಹೆಲ್ಮೆಟ್ ಹಾಕಿಕೊಳ್ಳುವ ಮೊದಲು ಬಗ್ಗಿ ತಮ್ಮ ಎಡಗಾಲಿನ ಶೂ ನೋಡಿಕೊಂಡರು. ಬೈಕಿನ ಗೇರ್ ಲಿವರ್ ತಾಗಿ ತಾಗಿ ತೊಗಲು ಸವೆಯಬಾರದೆಂದು ಅದರ ತುದಿಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಪಂಕ್ಚರ್ ಹಾಕಿದ ಹಾಗೆ ಅಂಟಿಸಿದ್ದರು. ಅದರ ಒಂದು ಅಂಚು ಬಿಟ್ಟುಕೊಂಡಿತ್ತು. ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಅದಾದ ಹತ್ತು ನಿಮಿಷದೊಳಗೆ ತೀರಿಕೊಂಡರು.

ಆ ಹತ್ತು ನಿಮಿಷ ಬಿಟ್ಟರೆ ಅವರ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಗೊಂದಲವಿಲ್ಲದ್ದನ್ನು ಮೊದಲು ಬರೆಯುತ್ತೇನೆ.

ಹಾಸನದ ಐಟಿಐನಲ್ಲಿ ನನಗೆ ಮೋಟಾರ್ ಮೆಕ್ಯಾನಿಕ್ ಕೆಲಸ ಕಲಿಸಿದವರು ಅವರು. ಅರಕಲಗೂಡಿನ ಕಡೆಯ ರೈತರ ಮನೆಯವರು. ಅವರ ತರಗತಿಯಲ್ಲಿ ನೋಟ್‌ಪುಸ್ತಕದ ಪ್ರತಿ ಪುಟದ ನಡುವೆ ಗೆರೆ ಎಳೆಯಬೇಕಿತ್ತು. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ನಮಗೆ ಅನ್ನಿಸಿದ್ದು. ಒಮ್ಮೆ ನಾನು ಎಡಗಡೆಯಲ್ಲಿ ‘ವಾಲ್ವ್ ಸಡಿಲವಾಗಿದೆ’ ಎಂದು ಬರೆದಿದ್ದೆ. ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು.

“ವಾಲ್ವು ಬಂದು ನಿನ್ ಕಿವೀಲಿ ಹೇಳ್ತೇನ್ಲಾ, ನಾನು ಸಡಿಲ ಆಗಿವ್ನಿ ಅಂತ? ಟಿಕ್ ಟಿಕ್ ಅಂತು. ಅಷ್ಟ್ ಬರಿ. ಮಿಕ್ಕಿದ್ದು ಆಚೆ ಕಡೆ ಬರಿ.”

ನನಗೆ ಚನ್ನರಾಯಪಟ್ಟಣದ ಬಸ್ ಡಿಪೋದಲ್ಲಿ ಕೆಲಸ ಸಿಕ್ಕಿತು. ಅವರು ನಿವೃತ್ತರಾದ ಮರುವರ್ಷ, ಯಾರನ್ನೂ ಕೇಳದೆ, ಆರುನೂರೈವತ್ತು ಸಿಸಿಯ ನಾಲ್ಕು ಸಿಲಿಂಡರಿನ ನೀಲಿ ಸ್ಪೋರ್ಟ್ಸ್ ಬೈಕ್ ತಂದರು. ಹ್ಯಾಂಡಲ್ ಕೆಳಗೆ, ಕಾಲಿಡುವ ಜಾಗ ಹಿಂದೆ. ಅದರ ಮೇಲೆ ಕೂತರೆ ಇವರು ನೆಲ ಮೂಸುತ್ತಿರುವ ಹಾಗೆ ಕಾಣುತ್ತಾರೆ ಎಂದು ಅವರ ಹೆಂಡತಿ ನಗುತ್ತಿದ್ದರು. ಟೀ ಅಂಗಡಿಯಲ್ಲಿ ಒಬ್ಬ, “ಏನ್ ಮೇಷ್ಟ್ರೇ, ಮೊಮ್ಮಗನ ಗಾಡಿ ತಂದ್ಬುಟ್ರಾ?” ಎಂದು ಕೇಳಿದ. “ಊಂ ಕಣಪ್ಪ, ಅವ್ನು ದೊಡ್ಡೋನಾಗೋಗಂಟ ಕಾಯ್ಕಂಡಿರ್ತೀನಿ,” ಎಂದು ಟೀ ಹೀರಿದರು.

ಪ್ರತಿ ಭಾನುವಾರ ಅವರದು ಒಂದು ಸುತ್ತು. ಹಾಸನದಿಂದ ಶಾಂತಿಗ್ರಾಮದ ಮೇಲೆ ಚನ್ನರಾಯಪಟ್ಟಣ, ಅಲ್ಲಿಂದ ಹೊಳೆನರಸೀಪುರ, ಅರಕಲಗೂಡು, ಮತ್ತೆ ಹಾಸನ. ನಮ್ಮ ಊರಿನಲ್ಲಿ ಒಂದು ಗಂಟೆ ನಿಂತು ನನಗೆ ಪಾಠ ಮಾಡುತ್ತಿದ್ದರು. ಒಬ್ಬಳು ದೊಡ್ಡ ಒನಕೆಯಲ್ಲಿ ಕುಟ್ಟುವುದು ಬೇರೆ, ನಾಲ್ವರು ಸಣ್ಣ ಒನಕೆ ಹಿಡಿದು ಒಬ್ಬರ ಹಿಂದೆ ಒಬ್ಬರು ಕುಟ್ಟುವುದು ಬೇರೆ ಎಂದು ಆ ಇಂಜಿನನ್ನು ವಿವರಿಸುತ್ತಿದ್ದರು. ಪಿಸ್ಟನ್ ಸಣ್ಣದು, ಅದು ಏರಿ ಇಳಿಯುವ ದೂರವೂ ಕಡಿಮೆ; ಆದ್ದರಿಂದ ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗಿದರೂ ಅದಕ್ಕೆ ಆಯಾಸವಿಲ್ಲ. ಎಂಟು ಸಾವಿರದ ಕೆಳಗೆ ಮೊಪೆಡ್ಡಿನಷ್ಟು ಸಾಧು. ಅದರ ಶಕ್ತಿಯೆಲ್ಲ ಎಂಟರ ಮೇಲಿದೆ. ಹಾಗಾದರೆ ಅಲ್ಲಿಗೆ ಹೋಗದೆ ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದ್ದೆ.

“ಮೇಲೆ ಏನೈತೆ ಅಂತ ಗೊತ್ತಿದ್ರೆ ಸಾಕು ಕಣ್ಲಾ. ದಿನಾ ಓಗಿ ನೋಡ್ಬೇಕಾ?”

ಒಂದೆರಡು ಸಲ ಹೋಗಿ ನೋಡಿದ್ದರು. ಅದೂ ನನಗೆ ಗೊತ್ತು. ಶಾಂತಿಗ್ರಾಮದ ಹತ್ತಿರದ ನೇರ ಹೆದ್ದಾರಿಯಲ್ಲಿ ನೋಡಿದೆ ಎಂದು ಅವರೇ ಹೇಳಿದ್ದರು. ಇದನ್ನು ಮುಚ್ಚಿಡಬಾರದು.

ಆ ಭಾನುವಾರ ನಾವಿಬ್ಬರೂ ಸೇರಿ ಹೊಸ ಚೈನ್ ಹಾಕಿದ್ದೆವು. ಮೇಲೆ ಕೂತವನಿಗೆ ಇಂಜಿನ್ ಮಾತ್ರ ಕೇಳುತ್ತದೆ, ನಿಂತವನಿಗೇ ಚೈನಿನ ಸದ್ದು ತಿಳಿಯುವುದು ಎಂದು ನನ್ನನ್ನು ತಂಗುದಾಣದ ಬಳಿ ನಿಲ್ಲಿಸಿದರು. ಮೊದಲ ಸಲ ನನ್ನ ಮುಂದೆ ಹಾದು ಹೋದರು. ಚೈನ್ ಚೆನ್ನಾಗಿತ್ತು. ಒಂದು ಕಿಲೋಮೀಟರ್ ಆಚೆ ತಿರುಗಿಸಿಕೊಂಡು ವಾಪಸ್ ಹೊರಟರು. ಆಗ ಡೇರಿಗೆ ಹಾಲು ಹಾಕಿ ಬಂದ ಒಬ್ಬ ಹೆಂಗಸು ಖಾಲಿ ಕ್ಯಾನ್ ಹಿಡಿದು ರಸ್ತೆಗೆ ಇಳಿದಳು. ಗಾಡಿ ಕಂಡು ನಡುರಸ್ತೆಯಲ್ಲೇ ನಿಂತುಬಿಟ್ಟಳು. ನಾನು ಅವಳನ್ನು ನೋಡುತ್ತಿದ್ದೆ, ಗಾಡಿಯನ್ನಲ್ಲ. ಸದ್ದು ಏರಿತು. ಗಾಡಿ ಅವಳ ಪಕ್ಕದಿಂದ ರಸ್ತೆ ಬಿಟ್ಟು ಮಣ್ಣಿಗೆ ಇಳಿದು ಮೋರಿಯ ಕಟ್ಟೆಗೆ ಹೊಡೆಯಿತು. ನಾನು ಓಡಿದೆ.

ಪೊಲೀಸರು ಕೇಳಿದಾಗ, ಹೆಂಗಸು ಅಡ್ಡ ಬಂದಾಗ ಅವರು ಗಾಡಿ ಜೋರು ಮಾಡಿದರು ಎಂದು ಹೇಳಿದೆ. ಕೆಳಗೆ ಸಹಿ ಹಾಕಿದೆ. ನಾನು ಮೆಕ್ಯಾನಿಕ್, ನನ್ನ ಮಾತನ್ನು ಯಾರೂ ಅನುಮಾನಿಸಲಿಲ್ಲ. ಈ ವಯಸ್ಸಿನಲ್ಲಿ ಹುಡುಗಾಟ ಆಡಲು ಹೋಗಿ ಸತ್ತರು ಎಂಬುದು ಅಂದು ಸಂಜೆಯ ಹೊತ್ತಿಗೆ ನಾಲ್ಕೂ ಊರಿನ ಮಾತಾಯಿತು. ಹನ್ನೊಂದನೆಯ ದಿನ ಅವರ ಮನೆಯವರು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

“ಒಂದು ಹೆಣ್ಣುಜೀವ ಎದ್ರಿಗೆ ನಿಂತಿರ್ಬೇಕಾದ್ರೆ ಇವ್ರು ಗಾಡಿ ಜೋರು ಮಾಡಿದ್ರೇನಪ್ಪ? ನೀನು ಅಲ್ಲೇ ಇದ್ದೋನು.”

“ಸದ್ದು ಏರ್ತು ಅಮ್ಮ,” ಎಂದೆ. ಅವರು ಒಲೆಯ ಕಡೆ ತಿರುಗಿದರು.

ಅದಾದ ನಾಲ್ಕನೆಯ ದಿನ ಡಿಪೋದಲ್ಲಿ ಹಿರಿಯ ಡ್ರೈವರೊಬ್ಬರು ಹಳೆಯ ಬಸ್ಸನ್ನು ಇಳಿಜಾರಿನಲ್ಲಿ ಒಳಗೆ ತಂದರು. ಅವರು ಗೇರ್ ಬದಲಿಸಲು ಕ್ಲಚ್ಚನ್ನು ಎರಡು ಸಲ ಒತ್ತುವ, ಡಬಲ್ ಕ್ಲಚ್ ಮಾಡುವ ಕಾಲದವರು. ಗೇರ್ ಇಳಿಸುವ ಮೊದಲು ಒಮ್ಮೆ ಆಕ್ಸಿಲರೇಟರ್ ಒತ್ತಿದರು. ಸದ್ದು ಏರಿತು, ಬಸ್ಸು ನಿಧಾನವಾಯಿತು. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಇಟ್ಟೆ.

ಮೇಷ್ಟ್ರು ಇದನ್ನು ನನಗೆ ಹೇಳಿದ್ದರು. ವೇಗದಲ್ಲಿ ಗೇರ್ ಇಳಿಸಿದರೆ ಇಂಜಿನ್ ಹೆಚ್ಚು ಸುತ್ತು ತಿರುಗಬೇಕು, ಇಲ್ಲವಾದರೆ ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತದೆ. ಬಸ್ಸಿನಲ್ಲಿ ಡ್ರೈವರ್ ಕಾಲಿನಿಂದ ಮಾಡುವುದನ್ನು ಆ ಬೈಕ್ ತಾನೇ ಮಾಡುತ್ತದೆ. ಲಿವರ್ ಒತ್ತಿದ ಕೂಡಲೇ ಕ್ಷಣಕಾಲ ಇಂಜಿನ್ ಏರಿಸುತ್ತದೆ. ಬ್ರೇಕ್ ಹಿಡಿದು ಗೇರ್ ಇಳಿಸುತ್ತ ಬಂದರೆ ಗಾಡಿ ನಿಧಾನವಾಗುತ್ತ ಹೋಗುತ್ತದೆ, ಸದ್ದು ಮಾತ್ರ ಮೇಲಕ್ಕೆ ಹಾರುತ್ತದೆ. ಗೊತ್ತಿದ್ದೂ ನನಗೆ ಹದಿನೈದು ದಿನ ಹೊಳೆಯಲಿಲ್ಲ.

ಹಾಸನದಲ್ಲಿ ಅದೇ ಮಾದರಿಯ ಬೈಕ್ ಇರುವ ಬ್ಯಾಂಕ್ ನೌಕರರೊಬ್ಬರನ್ನು ಬೇಡಿಕೊಂಡು ಅದೇ ಜಾಗಕ್ಕೆ ಕರೆತಂದೆ. ನಾನು ಬೆನ್ನು ತಿರುಗಿಸಿ ನಿಂತೆ. ಅವರು ಜೋರು ಮಾಡಿಕೊಂಡು ಒಮ್ಮೆ, ಗೇರ್ ಇಳಿಸುತ್ತ ಒಮ್ಮೆ ಬಂದರು. ವ್ಯತ್ಯಾಸ ಸ್ಪಷ್ಟವಾಗಿತ್ತು. ಜೋರು ಮಾಡಿದರೆ ಸದ್ದು ಒಂದೇ ಎಳೆಯಾಗಿ ಏರುತ್ತದೆ. ಗೇರ್ ಇಳಿಸಿದರೆ ಏರಿ, ಬಿದ್ದು, ಮತ್ತೆ ಏರುತ್ತದೆ. ಆದರೆ ಈಗ ಆ ಭಾನುವಾರವನ್ನು ನೆನೆದರೆ ನನಗೆ ಎರಡೂ ಕೇಳುತ್ತವೆ. ಮೇಷ್ಟ್ರದು ಯಾವುದು, ಬ್ಯಾಂಕಿನವರದು ಯಾವುದು ಎಂದು ಹೇಳಲಾರೆ. ಪರೀಕ್ಷೆ ಮಾಡಲು ಹೋಗಿ ಇದ್ದ ನೆನಪನ್ನೂ ಕೆಡಿಸಿಕೊಂಡೆ.

ಪೊಲೀಸ್ ಠಾಣೆಗೆ ಮತ್ತೆ ಹೋದೆ. ಮೊದಲು ಜೋರು ಮಾಡಿದರು ಅಂದಿರಿ, ಈಗ ನಿಧಾನ ಮಾಡಿದರು ಅನ್ನುತ್ತೀರಾ ಎಂದು ಕೇಳಿದರು. “ಎರಡೂ ಅಲ್ಲ ಸಾ. ಸದ್ದು ಏರ್ತು ಅಂತ ಬರ್ಕೊಳಿ. ನಾನು ಕೇಳಿದ್ದು ಅಷ್ಟೇ,” ಎಂದೆ. ಬೇಸರದಿಂದಲೇ ಬರೆದುಕೊಂಡರು.

ಕೊನೆಗೆ ಆ ಹೆಂಗಸಿನ ಮನೆಗೆ ಹೋದೆ. ಅಡ್ಡ ಬಂದವಳೆಂದು ಎಲ್ಲರೂ ಅವಳನ್ನು ಬೈದಿದ್ದರೇ ಹೊರತು, ನೀನು ಏನು ಕಂಡೆ ಎಂದು ಯಾರೂ ಕೇಳಿರಲಿಲ್ಲ. ಅವಳು ಹಸುವಿನ ಕೊಟ್ಟಿಗೆಯಲ್ಲೇ ನಿಂತು ಹೇಳಿದಳು.

“ಗಾಡಿ ತಲೆ ತಗ್ಗಿಸ್ತು ಕಣಣ್ಣ. ಮುಗ್ಗರಿಸೋ ಎತ್ತು ಮಂಡಿ ಬಗ್ಗಿಸ್ತದಲ್ಲ, ಅಂಗೆ. ಆಮೇಲೆ ಆ ಕಡೀಕೆ ಓಯ್ತು.” ಹಸುವಿನ ಮುಂದೆ ಹುಲ್ಲು ಹಾಕುತ್ತ, “ಅದು ಬಗ್ತೋ, ಎದ್ರಿ ನಾನೇ ಬಗ್ಗಿದ್ನೋ, ಆಣೆ ಮಾಡು ಅಂದ್ರೆ ಮಾಡಾಕಿಲ್ಲ,” ಎಂದಳು.

ಮುಂಚಕ್ರದ ಬ್ರೇಕ್ ಬಲವಾಗಿ ಹಿಡಿದಾಗ ಮಾತ್ರ ಗಾಡಿಯ ಮೂತಿ ಕೆಳಗೆ ಹೋಗುತ್ತದೆ. ಜೋರು ಮಾಡಿದರೆ ಮೇಲೆ ಏಳುತ್ತದೆ. ಆದರೆ ಅವಳಿಗೇ ಖಚಿತವಿಲ್ಲ. ಹಾಸನಕ್ಕೆ ಹೋಗಿ ಮೇಷ್ಟ್ರ ಮನೆಯವರಿಗೆ ಅವಳ ಎರಡು ಮಾತನ್ನೂ, ಒಂದನ್ನೂ ಬಿಡದೆ, ಹಾಗೆಯೇ ಒಪ್ಪಿಸಿದೆ. ಅವರು, ಅವಳಿಗೆ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಇಬ್ಬರು ಎಂದೆ.

ಡೇರಿಯ ಕಾರ್ಯದರ್ಶಿ ಇದ್ದಾರೆ; ಅವರು ಒಳಗಿದ್ದರು, ಪೆಟ್ಟಿನ ಸದ್ದು ಮಾತ್ರ ಕೇಳಿದವರು. ನಾನಿದ್ದೇನೆ; ನಾನು ನೋಡಬೇಕಾದ ಕಡೆ ನೋಡಲಿಲ್ಲ. ಮೇಷ್ಟ್ರನ್ನು ಎದುರಿನಿಂದ ಕಂಡವಳು ಆ ಹೆಂಗಸು ಒಬ್ಬಳೇ. ಅವಳು ಬದುಕಿದ್ದಾಳೆ.